ಹೆಸರು ಬರೆಯಬೇಡಿ

ಹೋಮ್‌ವರ್ಕ್ ಪುಸ್ತಕ ತಂದಿಡಿ ಎಂದು ಅವಳು ಹೇಳಿದ್ದಷ್ಟೇ. ಹತ್ತನೇ ತರಗತಿಯ ಹುಡುಗಿಯರು ಮಾತು ನಿಲ್ಲಿಸದೆ, ನಗು ನಿಲ್ಲಿಸದೆ, ಒಬ್ಬಳ ಹಿಂದೊಬ್ಬಳು ಎದ್ದು ಬಂದು ಮೇಜಿನ ಮೇಲೆ ಪುಸ್ತಕ ಇಟ್ಟು ಹೋಗತೊಡಗಿದರು. ಹಾಜರಿ ಪುಸ್ತಕದಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮ. ಯಾವಳಾದರೂ ಮರೆತು ಮುಂದೆ ನುಗ್ಗಿದರೆ ಹಿಂದಿನವಳೇ ಅವಳ ತೋಳು ಹಿಡಿದು ಜಾಗಕ್ಕೆ ತರುತ್ತಿದ್ದಳು. ಕಣ್ಣುಬೇನೆಯಿಂದ ಮನೆಯಲ್ಲಿದ್ದು ಇವತ್ತೇ ಬಂದ ಹುಡುಗಿ ಕೂಡ ಕೆಂಪು ಕಣ್ಣು ಒರೆಸಿಕೊಳ್ಳುತ್ತ ತನ್ನ ಸರದಿಗೆ ಸರಿಯಾಗಿ ಬಂದು ಸೇರಿಕೊಂಡಳು. ವರ್ಷದ ಮೊದಲ ವಾರ ಇದೊಂದನ್ನು ಕಲಿಸಿಬಿಟ್ಟರೆ ಆಮೇಲೆ ವರ್ಷವಿಡೀ ಸುಖ, ಅಂಕ ಏರಿಸುವುದು ಸಲೀಸು, ಪುಸ್ತಕ ಕೊಡದ ಕಳ್ಳಿ ಯಾರೆಂದು ಕೂಡಲೇ ಸಿಕ್ಕಿಬೀಳುತ್ತಾಳೆ ಎಂದು ಅವಳು ಹೊಸ ಟೀಚರುಗಳಿಗೆ ಉಪದೇಶ ಮಾಡುವುದುಂಟು. ಅವಳ ಎಡಗೈ ತನ್ನಷ್ಟಕ್ಕೆ ತಾನೇ ಪುಸ್ತಕಗಳ ಅಂಚು ತಟ್ಟಿ ಸರಿಮಾಡುತ್ತಿತ್ತು. ಆ ಕೈಯನ್ನು ಅವಳು ಸುಮ್ಮನೆ ನೋಡಿದಳು. ನೋಡುತ್ತಿದ್ದ ಹಾಗೆ ಎದೆ ಧಸಕ್ಕೆಂದಿತು. ಮೊನ್ನೆ ಹೆಸರಿಲ್ಲದೆ ಬರೆಸಿದ ಆ ಹಾಳೆಗಳನ್ನೂ ಇದೇ ಕೈ ಹೀಗೇ ತೆಗೆದುಕೊಂಡಿತ್ತು, ಹೀಗೇ ಅಂಚು ತಟ್ಟಿತ್ತು.

ಅವಳು ಪೌರನೀತಿ ಟೀಚರ್. ಇಷ್ಟು ವರ್ಷ ಪಾಠ ಮಾಡಿದ ಮೇಲೆ ತರಬೇತಿಗೆ ಹೋಗಿ ಬಾ ಎಂದು ಶಾಲೆ ಕಳಿಸಿತ್ತು. ಅಲ್ಲಿ ಪ್ರತಿಯೊಬ್ಬರೂ ಏನಾದರೊಂದನ್ನು ಅಳೆಯಬೇಕಾಗಿತ್ತು. ಒಬ್ಬರು ಓದುವ ವೇಗ ಅಳೆದರು, ಇನ್ನೊಬ್ಬರು ಪರೀಕ್ಷೆಯ ಭಯ ಅಳೆದರು, ಅವಳು ಶಾಲೆಯ ನಿಯಮಗಳ ಬಗ್ಗೆ, ಹಿರಿಯರ ಅಧಿಕಾರದ ಬಗ್ಗೆ ಮಕ್ಕಳ ಧೋರಣೆ ಏನೆಂದು ಅಳೆಯಲು ಹೊರಟಳು. ಗಂಡ ನಕ್ಕಿದ್ದ. "ಮಕ್ಕಳ ಧೋರಣೆ ಆಮೇಲೆ ಅಳೀವಂತೆ, ಮೊದ್ಲು ನಿಂದು ಅಳ್ಕೋ. ನಿಮ್ಮ ದೊಡ್ಡ ಮೇಡಂ ಫೋನ್ ಮಾಡಿದ್ರೆ ಕೂತಲ್ಲಿಂದ ಎದ್ದು ನಿಂತು ಮಾತಾಡ್ತೀಯ," ಅಂದಿದ್ದ. ಅವಳಿಗೆ ಸಿಟ್ಟು ಬಂದಿತ್ತು, ಯಾಕೆಂದರೆ ಅದು ನಿಜ. ಆದರೂ ಆ ಕೆಲಸ ಅವಳಿಗೆ ಹಿಡಿಸಿತು. ಒಂದೊಂದು ವಾಕ್ಯವನ್ನೂ ಹತ್ತು ಸಲ ತಿದ್ದಿ ಬರೆದಳು. 'ನಿಯಮ ತಪ್ಪೆನಿಸಿದರೂ ಅದು ಇರುವವರೆಗೆ ಪಾಲಿಸಬೇಕು.' 'ಶಿಕ್ಷಕರು ತಪ್ಪು ಮಾಡಿದಾಗ ವಿದ್ಯಾರ್ಥಿ ಅದನ್ನು ಹೇಳಬಹುದು.' ಪ್ರತಿ ವಾಕ್ಯದ ಮುಂದೆ ಸಾಲಾಗಿ ಚೌಕಗಳು, ಒಂದೊಂದಕ್ಕೂ ಒಂದೊಂದು ಅಂಕ: ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಸುತರಾಂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ. ಕೊನೆಯಲ್ಲಿ, ಶಾಲೆಯ ನಿಯಮಗಳ ಬಗ್ಗೆ ನಿನಗೆ ಹೇಳಬೇಕೆನಿಸಿದ್ದು ಎಂದು ಬರೆದು ಒಂದಿಷ್ಟು ಖಾಲಿ ಜಾಗ. ಮಕ್ಕಳು ನಿಜ ಹೇಳಬೇಕಾದರೆ ಅವರಿಗೆ ಧೈರ್ಯ ಬರಬೇಕು, ಅದಕ್ಕೇ ಹೆಸರು ಬರೆಸಬಾರದು ಎಂದು ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದರು. ಅವಳೂ ಕ್ಲಾಸಿನಲ್ಲಿ ಒತ್ತಿ ಒತ್ತಿ ಹೇಳಿದಳು. ಹೆಸರು ಬರೆಯಬೇಡಿ. ಯಾರು ಏನು ಬರೆದರೆಂದು ನನಗೂ ಗೊತ್ತಾಗುವುದಿಲ್ಲ. ಆಗ ಕಿಟಕಿ ಪಕ್ಕದಿಂದ ಗುಂಗುರು ಕೂದಲಿನ ಹುಡುಗಿ ಎದ್ದು ನಿಂತಳು. ಎಲ್ಲದಕ್ಕೂ ವಾದ ಮಾಡುತ್ತಾಳೆಂದು ಸ್ಟಾಫ್ ರೂಮಿನಲ್ಲಿ ಅವಳಿಗೆ ವಕೀಲೆ ಎಂದು ಹೆಸರು.

"ನಿಜವಾಗ್ಲೂ ಯಾರಿಗೂ ಗೊತ್ತಾಗಲ್ವಾ ಮಿಸ್?"

"ಗೊತ್ತಾಗಲ್ಲ ಅಂದ್ನಲ್ಲ. ನನ್ನ ಮಾತು ನಂಬು."

"ಸರಿ ಮಿಸ್, ನಂಬ್ದೆ," ಎಂದು ಹುಡುಗಿ ಕೂತು, ಹಾಳೆಯ ಮೇಲೆ ಬಗ್ಗಿದಳು. ಗಂಟೆ ಹೊಡೆದಾಗ ಟೀಚರ್ ಕೊಡಿ ಎಂದಳು. ಅಷ್ಟೇ, ಕೊಡಿ ಎಂದು ಮಾತ್ರ. ಸಾಲು ತಾನಾಗಿ ಎದ್ದು ಬಂತು.

ಆ ಸಂಜೆ ಮನೆಯಲ್ಲಿ ಓದುತ್ತ ಹೋದಾಗ ಅವಳಿಗೆ ಬೇಸರವೇ ಆಗಿತ್ತು. ಎಲ್ಲರೂ ಎಲ್ಲವನ್ನೂ ಒಪ್ಪಿದ್ದರು. ಖಾಲಿ ಜಾಗದಲ್ಲಿ ಏನೂ ಇಲ್ಲ, ಏನೂ ಇಲ್ಲ, ನಮ್ಮ ಶಾಲೆಯ ನಿಯಮಗಳು ಚೆನ್ನಾಗಿವೆ, ಏನೂ ಇಲ್ಲ. ಒಂದು ಹಾಳೆ ಮಾತ್ರ ಹಿಂಬದಿಯವರೆಗೂ ತುಂಬಿತ್ತು. ಅಕ್ಷರಗಳನ್ನು ಬೇಕೆಂದೇ ಸೊಟ್ಟಗೆ ಬರೆದಿತ್ತು, ಆದರೆ ವಕೀಲೆಯ ಮಾತಿನ ಧಾಟಿಗೆ ಮುಸುಕು ಹಾಕಲಾಗುತ್ತದೆಯೇ? 'ಕೊನೆಯ ಗಂಟೆಯ ಮುಂಚೆ ಗೇಟು ತೆರೆಯಬಾರದು ಎಂಬ ನಿಯಮ ಇದೆ. ಆರನೇ ತರಗತಿಯ ಹುಡುಗಿಗೆ ಉಬ್ಬಸ ಬಂದ ದಿನ ಅವಳ ಅಮ್ಮ ಔಷಧಿ ಹಿಡಿದುಕೊಂಡು ಗೇಟಿನ ಆಚೆ ನಿಂತಿದ್ದರು. ಕಂಬಿ ಹಿಡಿದು ಅಲ್ಲಾಡಿಸಿದರು. ದೊಡ್ಡ ಮೇಡಂ ಕಿಟಕಿಯಿಂದ ನೋಡಿದರು. ಗೇಟು ಕೂಡಲೇ ತೆರೆಸಿದೆವು ಎಂದು ಆಮೇಲೆ ಎಲ್ಲರಿಗೂ ಹೇಳಿದರು. ದಯವಿಟ್ಟು ಗಮನಿಸಿ, ತೆರೆಸಲಿಲ್ಲ. ಗಂಟೆ ಹೊಡೆದ ಮೇಲೆ ತೆರೆಯಿತು. ನಮ್ಮ ಮಿಸ್ ಸಹ ನೋಡಿದರು. ನೋಡಿ ಬೋರ್ಡಿನ ಕಡೆ ತಿರುಗಿದರು.' ಕೊನೆಯ ಎರಡು ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಹೌದು, ನೋಡಿದ್ದಳು. ಆ ಹೆಂಗಸಿನ ಕೈಚೀಲ ಕೂಡ ನೆನಪಿತ್ತು, ಅದು ಕೈಯಿಂದ ಜಾರಿ ನೆಲಕ್ಕೆ ಬಿದ್ದದ್ದೂ ನೆನಪಿತ್ತು. ಬೋರ್ಡಿನ ಕಡೆ ತಿರುಗಿ ಪ್ರಜೆಯ ಹಕ್ಕುಗಳು ಎಂದೋ ಕರ್ತವ್ಯಗಳು ಎಂದೋ ಬರೆದಿದ್ದಳು. ಮಗು ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಆ ಹಾಳೆಯನ್ನು ತೆಗೆದು ಬದಿಗಿಡಲೇ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಅಳೆಯುವವಳಿಗೆ ತನಗೆ ಬೇಡದ ಉತ್ತರವನ್ನು ತೆಗೆದುಹಾಕುವ ಹಕ್ಕಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ತನ್ನನ್ನೇ ದೂರಿದ ಹಾಳೆಯನ್ನು ಉಳಿಸಿಕೊಂಡೆನೆಂದು ಅವಳಿಗೆ ತನ್ನ ಬಗ್ಗೆ ಒಂದು ಬಗೆಯ ಮೆಚ್ಚುಗೆಯೂ ಆಗಿತ್ತು. ಮರುದಿನ, ಎಂದರೆ ನಿನ್ನೆ, ವರದಿಗೆ ಸಹಿ ಹಾಕಿಸಲು ಹೋದಾಗ ದೊಡ್ಡ ಮೇಡಂ, "ಹಾಳೆಗಳನ್ನೂ ಇಟ್ಟು ಹೋಗಿ, ಒಂದ್ಸಲ ಕಣ್ಣಾಡಿಸಿ ಕೊಡ್ತೀನಿ," ಅಂದರು. ಇಟ್ಟು ಬಂದಳು. ಒಂದು ಕ್ಷಣವೂ ತಡೆಯದೆ, ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ ಇಟ್ಟು ಬಂದಳು.

ಇವತ್ತು ಬೆಳಿಗ್ಗೆ ದೊಡ್ಡ ಮೇಡಂ ಗೇಟಿನ ಬಳಿಯೇ ಸಿಕ್ಕಿದ್ದರು. ತಡವಾಗಿ ಬಂದವರನ್ನು ಬದಿಗೆ ನಿಲ್ಲಿಸುತ್ತ, ಅವಳ ಕಡೆ ನೋಡದೆಯೇ ಕೇಳಿದರು. "ಒಂದು ಹುಡುಗಿ ಪುರಾಣ ಬರ್ದಿದಾಳಲ್ಲ, ಯಾರದು?"

"ಯಾರೂ ಹೆಸರು ಬರ್ದಿಲ್ಲ ಮೇಡಂ. ಗೊತ್ತಾಗೋ ಹಾಗೇ ಇಲ್ಲ."

"ಹೌದಾ? ಬರೋ ವಾರ ಆಡಳಿತ ಮಂಡಳಿಯವರು ಬರ್ತಾರೆ. ಇಂಥ ಮಾತು ಹೊರಗೆ ಹೋದ್ರೆ ಏನಾಗುತ್ತೆ ಗೊತ್ತಲ್ಲ. ಅಂಥವಳು ಪರೀಕ್ಷೆಗೆ ಬೇರೆ ಶಾಲೆಯಿಂದ ಕೂರಲಿ, ನಾನೇನೂ ಬೇಡ ಅನ್ನಲ್ಲ."

ಗೊತ್ತಾಗೋ ಹಾಗೇ ಇಲ್ಲ ಎಂದು ಮತ್ತೊಮ್ಮೆ ಹೇಳಿ ಅವಳು ಒಳಗೆ ಬಂದಿದ್ದಳು. ಮೆಟ್ಟಿಲು ಹತ್ತುವಾಗ ಮನಸ್ಸು ಹಗುರವಾಗಿತ್ತು. ನೋಡಿ, ನನ್ನ ಮಕ್ಕಳನ್ನು ನಾನು ಹೇಗೆ ಕಾಪಾಡಿದೆ ಎಂದು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿತ್ತು. ಈಗ ಮೇಜಿನ ಮೇಲೆ ಸಾಲಾಗಿ ಕೂತ ಹೋಮ್‌ವರ್ಕ್ ಪುಸ್ತಕಗಳನ್ನು ನೋಡಿದಾಗ ಹೊಳೆಯಿತು: ಆ ಹಾಳೆಗಳೂ ಹಾಜರಿಯ ಕ್ರಮದಲ್ಲೇ ಇವೆ, ಎಣಿಸಿದರೆ ಸಾಕು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ವಕೀಲೆ ಅಕ್ಷರ ಸೊಟ್ಟಗೆ ಮಾಡುವಷ್ಟು ಜಾಣೆ. ಆದರೆ ತನ್ನ ಕಾಲು ತನ್ನನ್ನು ಎಲ್ಲಿ ಕೊಂಡೊಯ್ದು ನಿಲ್ಲಿಸಿತೆಂದು ಅವಳೂ ನೋಡಲಿಲ್ಲ. ಆ ಕಾಲಿಗೆ ಪಾಠ ಹೇಳಿದ್ದು ಯಾರು? ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಓದಿಕೊಳ್ಳಿ ಎಂದು ಹೇಳಿ ಬಾಗಿಲವರೆಗೆ ಹೋಗಿ ಹಿಂತಿರುಗಿದಳು. ಮೊದಲ ಬೆಂಚಿನಿಂದ ಲೀಡರ್ ಕೇಳಿದಳು, "ಯಾವ ಪುಟ ಮಿಸ್?" ತರಗತಿಯ ಲೀಡರ್ ಆ ಹುಡುಗಿ, ಎರಡು ವರ್ಷದಿಂದ ಸನ್ನಡತೆಯ ಬ್ಯಾಡ್ಜ್ ಅವಳ ಎದೆಯ ಮೇಲೆಯೇ ಇದೆ. ಓದಿಕೊಳ್ಳಿ ಎಂದರೆ ಯಾವ ಪುಟ ಎಂದು ಕೇಳುವವಳು ತರಗತಿಗೆ ಒಬ್ಬಳೇ. "ಯಾವುದಾದ್ರೂ," ಎಂದಳು ಟೀಚರ್. ಲೀಡರಿನ ಮುಖ ಸಣ್ಣಗಾಯಿತು.

ಹಾಳೆಗಳ ಕಟ್ಟನ್ನು ವಾಪಸು ತರಬೇಕು, ಅಷ್ಟೇ ತಾನೆ. ತಂದು ಒಂದು ಸಲ ಕಲೆಸಿಬಿಟ್ಟರೆ ಆಯಿತು. ದೊಡ್ಡ ಮೇಡಂ ಇನ್ನೂ ಗಮನಿಸಿಲ್ಲ, ಗಮನಿಸಿದ್ದರೆ ಗೇಟಿನಲ್ಲಿ ಕೇಳುತ್ತಿರಲಿಲ್ಲ. ಎರಡನೇ ಪೀರಿಯಡ್ ಬಿಡುವಿತ್ತು. ಆಫೀಸಿನ ಹೊರಗೆ ಅಟೆಂಡರ್ ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಒಳಗೆ ಯಾರೋ ಇದ್ದಾರೆ, ಕೂತ್ಕೊಳಿ ಎಂದು ಗೋಡೆ ಪಕ್ಕದ ಉದ್ದನೆಯ ಬೆಂಚು ತೋರಿಸಿದ. ಅದು ತಪ್ಪು ಮಾಡಿದ ಮಕ್ಕಳು ಕೂರುವ ಬೆಂಚು. ಬೆಳಿಗ್ಗೆ ತಡವಾಗಿ ಬಂದವಳೊಬ್ಬಳು ಇನ್ನೂ ಅಲ್ಲೇ ಇದ್ದಳು, ಟೀಚರನ್ನು ಕಂಡು ಎದ್ದು ನಿಂತಳು, ಕೂರು ಎಂದರೂ ಕೂರಲಿಲ್ಲ. ಹೀಗೆ ನಿಂತವಳ ಪಕ್ಕ ಕೂತಿರುವುದು ಅವಳಿಗೆ ಹಿಂಸೆಯಾಯಿತು. ಏನೆಂದು ಹೇಳಿ ಕೇಳುವುದು? ಅಂಕ ಹಾಕಬೇಕಿತ್ತು ಎಂದರೆ, ಅದಕ್ಕೇನವಸರ ಎನ್ನುತ್ತಾರೆ. ತರಬೇತಿಯವರು ಕೇಳಿದ್ದಾರೆ ಎಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳಿದರೆ ಮುಖವೇ ಹೇಳಿಬಿಡುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವವನು. ಸಹಪಾಠಿಗಳೊಂದಿಗೆ ಅವಳು ಮೊದಲ ಸಲ ಸಿನಿಮಾಕ್ಕೆ ಹೋದ ದಿನ, ಬಾಗಿಲಲ್ಲಿ ನಿಂತ ಅಪ್ಪ ಅವಳ ಮುಖ ನೋಡಲಿಲ್ಲ, ಕೈ ಚಾಚಿದ, ಟಿಕೆಟ್ ತೆಗೆದುಕೊಂಡು ಅರ್ಧ ಹರಿದ, "ಮುಂದೆ ಹೋಗಿ," ಅಂದ. ಹೋಗಿ! ಮಗಳಿಗೆ! ಅವಳ ಹಿಂದಿದ್ದ ಗೆಳತಿ, ಇವರು ನಿಮ್ಮಪ್ಪ ಅಲ್ವೇನೇ ಎಂದು ಪಿಸುಗುಟ್ಟಿದಾಗ ಅವಳು ತಲೆ ಅಲ್ಲಾಡಿಸಿದ್ದಳು. ಹೌದು ಎಂದೋ ಅಲ್ಲ ಎಂದೋ ಅವಳಿಗೇ ಗೊತ್ತಿರಲಿಲ್ಲ. ಎಷ್ಟೋ ವರ್ಷ ಇದನ್ನು ಅವಳು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದಾಳೆ, ನಿಯಮ ಎಂದರೆ ಹೀಗಿರಬೇಕು, ತನ್ನವರು ಪರರು ಎಂದಿಲ್ಲ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಕತ್ತಲಲ್ಲಿ ಕೂತು ಆ ಸಿನಿಮಾದ ಒಂದು ದೃಶ್ಯವೂ ಕಾಣದ ಹಾಗೆ ಅತ್ತಿದ್ದನ್ನು ಮಾತ್ರ ಅವಳು ಹೇಳುವುದಿಲ್ಲ. ಅಟೆಂಡರ್ ಉಗುರಿನ ಚೂರುಗಳನ್ನು ಸ್ಟೂಲಿನ ಕೆಳಗೆ ಗುಡಿಸಿ, "ಈಗ ಹೋಗ್ಬಹುದು," ಎಂದ.

ಕಟ್ಟು ಮೇಜಿನ ಬಲಬದಿಯಲ್ಲಿತ್ತು. ಅವಳೇ ಕಟ್ಟಿದ ಬಿಳಿ ದಾರ ಹಾಗೇ ಇತ್ತು, ಗಂಟು ಮಾತ್ರ ಅವಳದಾಗಿರಲಿಲ್ಲ. ದೊಡ್ಡ ಮೇಡಂ ಕನ್ನಡಕ ತೆಗೆದು ಅದರ ಗಾಜನ್ನು ಊದಿ ಒರೆಸುತ್ತಿದ್ದರು. ಏನು ಎಂಬಂತೆ ಹುಬ್ಬು ಏರಿಸಿದರು.

"ಆ ಹಾಳೆಗಳು ಬೇಕಾಗಿತ್ತು ಮೇಡಂ."

"ಯಾಕೆ?"

"ಅಂಕ... ಅಂಕ ಹಾಕೋದಿತ್ತು."

"ನಿನ್ನೆ ವರದಿ ತಂದಾಗ ಅಂಕ ಹಾಕಿ ಆಗಿತ್ತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಕೈಯಲ್ಲಿದ್ದ ಸೀಮೆಸುಣ್ಣದ ಪುಡಿಯನ್ನು ಬಟ್ಟೆಗೆ ಒರೆಸಿಕೊಂಡಳು. ದೊಡ್ಡ ಮೇಡಂ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು, ಆಮೇಲೆ ನಿಧಾನವಾಗಿ ಕಟ್ಟಿನ ಕಡೆ ನೋಡಿದರು, ಮತ್ತೆ ಅವಳನ್ನು. ಒಂದು ಸಣ್ಣ ನಗೆ ಬಂದು ಹೋಯಿತೇ, ಅಥವಾ ಅವಳಿಗೆ ಹಾಗೆ ಕಂಡಿತೇ? "ಸಂಜೆ ತಗೊಂಡು ಹೋಗಿ. ಅವಸರ ಏನಿಲ್ಲ," ಅಂದರು. ಅವಳು, "ಸರಿ ಮೇಡಂ," ಎಂದಳು. ಸರಿ ಎಂದು ಬಾಯಿ ಹೇಳಿದ್ದು ಹೊರಗೆ ಬಂದ ಮೇಲೆ ಅವಳಿಗೆ ಕೇಳಿಸಿತು. ಕೈ ಚಾಚಿ ಎತ್ತಿಕೊಂಡು ಬಂದಿದ್ದರೆ ಏನಾಗುತ್ತಿತ್ತು? ಬಂದು ಕಿತ್ತುಕೊಳ್ಳುತ್ತಿದ್ದರೇ? ಅಷ್ಟಕ್ಕೂ ತಾನು ಹೋದದ್ದರಿಂದಲೇ ಅವರಿಗೆ ಅನುಮಾನ ಬಂತೋ ಏನೋ. ಸುಮ್ಮನಿದ್ದರೆ ಅವರು ಆ ಕಟ್ಟನ್ನು ಮತ್ತೆ ಬಿಚ್ಚುತ್ತಲೇ ಇರಲಿಲ್ಲವೋ ಏನೋ. ಇರುವೆ ಬಿಟ್ಟುಕೊಂಡವಳಂತೆ ಅವಳು ಸ್ಟಾಫ್ ರೂಮಿನಲ್ಲಿ ಕೂತಲ್ಲಿ ಕೂರದೆ ಒದ್ದಾಡಿದಳು. ಯಾರೋ ಬಿಸ್ಕೆಟ್ ಕೊಟ್ಟರು, ತೆಗೆದುಕೊಂಡು ಕೈಯಲ್ಲೇ ಪುಡಿ ಮಾಡಿದಳು.

ಮಧ್ಯಾಹ್ನದ ಬಿಡುವಿನಲ್ಲಿ ನಲ್ಲಿಯ ಹತ್ತಿರ ವಕೀಲೆ ಸಿಕ್ಕಿದಳು. ಬೊಗಸೆಯಲ್ಲಿ ನೀರು ಹಿಡಿದು ಗೆಳತಿಗೆ ಎರಚಿ, ತಿರುಗಿದವಳು ಟೀಚರನ್ನು ಕಂಡು ಕೈ ಹಿಂದೆ ಕಟ್ಟಿ ನಿಂತಳು. ಮುಖದ ತುಂಬ ನೀರು, ನಗು ಇನ್ನೂ ಆರಿರಲಿಲ್ಲ. ಹೇಳಿಬಿಡಬೇಕು ಎಂದು ಟೀಚರ್ ಅಂದುಕೊಂಡಳು. ಏನೆಂದು ಹೇಳುವುದು? ನಾನು ಮಾತು ಕೊಟ್ಟೆ, ನನ್ನ ಕೈ ಅದನ್ನು ಮುರಿಯಿತು ಎಂದೇ? ಮನೆಯವರಿಗೆ ಹೇಳಿ, ಶಾಲೆ ಬಿಡಲು ಸಿದ್ಧವಾಗಿರು ಎಂದೇ? ಈ ಹುಡುಗಿಯ ಅಮ್ಮ ಹೊಲಿಗೆ ಕೆಲಸದವಳು, ಶುಲ್ಕ ಮನ್ನಾ ಇದೆಯೆಂದೇ ಈ ಶಾಲೆಯಲ್ಲಿ ಓದುತ್ತಿದ್ದಾಳೆ, ಪರೀಕ್ಷೆ ಹತ್ತಿರ ಬಂದಾಗ ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

"ಏನ್ ಮಿಸ್?" ಎಂದಳು ಹುಡುಗಿ.

"ಏನಿಲ್ಲ. ನೀರು ಪೋಲು ಮಾಡ್ಬಾರ್ದು."

"ಸಾರಿ ಮಿಸ್," ಎಂದು ಹುಡುಗಿ ನಲ್ಲಿ ತಿರುಗಿಸಿದಳು. ಆ ಕ್ಷಣ ಟೀಚರಿಗೆ ಅವಳ ಮೇಲೆ ಸಿಟ್ಟು ಬಂತು. ಬರೆಯಬೇಕಾಗಿತ್ತೇ ಇವಳು? ಎಲ್ಲರೂ ಏನೂ ಇಲ್ಲ ಎಂದು ಬರೆಯಲಿಲ್ಲವೇ? ನಂಬು ಎಂದರೆ ಇಷ್ಟೊಂದು ನಂಬಿಬಿಡುವುದೇ? ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಿ, ಆ ನಾಚಿಕೆಯೂ ಹೆಚ್ಚು ಹೊತ್ತು ನಿಲ್ಲದೆ, ಅವಳು ಮತ್ತೆ ಆಫೀಸಿನ ಕಡೆ ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿದಳು.

ಕೊನೆಯ ಪೀರಿಯಡ್ ಅವಳದೇ ತರಗತಿ. ಪಾಠ ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು. ಮೈಯೆಲ್ಲ ಕಿವಿಯಾಗಿ ಅವಳು ಕಾರಿಡಾರಿನ ಸದ್ದು ಕೇಳುತ್ತಿದ್ದಳು. ಅಟೆಂಡರಿನ ಚಪ್ಪಲಿಯ ಸದ್ದು ಅವಳಿಗೆ ದೂರದಿಂದಲೇ ಗೊತ್ತಾಯಿತು, ಅವನು ಒಂದು ಕಾಲು ಎಳೆದು ನಡೆಯುತ್ತಾನೆ. ಸದ್ದು ಬಾಗಿಲಿಗೆ ಬಂತು. ಅವನು ಒಳಗೆ ತಲೆ ಹಾಕಿದ. "ದೊಡ್ಡ ಮೇಡಂ ಕರೀತಾರೆ," ಅಂದ. ಅವಳು ಕಿಟಕಿ ಪಕ್ಕದ ಬೆಂಚಿನ ಕಡೆ ನೋಡದಿರಲು ಪ್ರಯತ್ನಪಟ್ಟಳು. "ಯಾರನ್ನ?"

"ಲೀಡರನ್ನ."

ಅವಳಿಗೆ ಉಸಿರು ಬಂತು. ಲೀಡರೇ! ಬರುವ ವಾರದ ಸಭೆಗೆ ಕುರ್ಚಿ ಹಾಕಿಸುವುದೋ, ಸುತ್ತೋಲೆ ಓದಿಸುವುದೋ ಏನೋ ಇರಬೇಕು. ಲೀಡರ್ ಎದ್ದು, ಬೆಂಚಿನ ಮೇಲಿನ ಪುಸ್ತಕ ಮುಚ್ಚಿ, ಪೆನ್ನನ್ನು ಅದರ ಪಕ್ಕಕ್ಕೆ ಸರಿಯಾಗಿ ಇಟ್ಟು, ಬ್ಯಾಡ್ಜ್ ನೇರ ಮಾಡಿಕೊಂಡು, "ಹೋಗಲಾ ಮಿಸ್?" ಎಂದು ಕೇಳಿ ಹೋದಳು. ಟೀಚರಿಗೆ ಎಷ್ಟು ಖುಷಿಯಾಯಿತೆಂದರೆ ಕಾರಣವಿಲ್ಲದೆ ಒಂದು ಜೋಕು ಹೇಳಿದಳು. ಹುಡುಗಿಯರು ನಕ್ಕರು, ವಕೀಲೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಬೆಳಿಗ್ಗೆಯಿಂದ ಸುಮ್ಮಸುಮ್ಮನೆ ಹೆದರಿ ಸತ್ತೆನಲ್ಲ ಎಂದುಕೊಂಡಳು. ಹಾಗೆಂದುಕೊಂಡು ಸ್ವಲ್ಪ ಹೊತ್ತು ಪಾಠ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಲೀಡರ್ ಮಾತ್ರ ಹಿಂತಿರುಗಲಿಲ್ಲ. ಎರಡನೇ ಬೆಂಚಿನಲ್ಲಿ ಕಣ್ಣುಬೇನೆಯ ಹುಡುಗಿ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡಳು. "ಇನ್ನೂ ಎರಡು ದಿನ ಮನೇಲಿರ್ಬೇಕಿತ್ತು ನೀನು," ಎಂದು ಟೀಚರ್ ಹೇಳುತ್ತಿದ್ದಂತೆಯೇ ಮಾತು ಅರ್ಧಕ್ಕೆ ನಿಂತಿತು. ಈ ಹುಡುಗಿ ಮೊನ್ನೆ ಇರಲಿಲ್ಲ. ಸಾಲಿನಲ್ಲಿ ಇವಳ ಜಾಗ ಮೊದಮೊದಲಲ್ಲೇ ಇದೆ. ಇವಳಿಲ್ಲದ ಮೇಲೆ ಇವಳ ಹಿಂದಿನವರೆಲ್ಲರ ಹಾಳೆ ಒಂದೊಂದು ಜಾಗ ಮುಂದೆ ಬಂದಿರುತ್ತದೆ. ಅವಳು ಹಾಜರಿ ಪುಸ್ತಕ ಬಿಡಿಸಿದಳು. ವಕೀಲೆಯ ಹೆಸರು ಸಿಕ್ಕಿತು. ಅದರ ಮೇಲಿನ ಹೆಸರು ಲೀಡರಿನದು.

ಕಾರಿಡಾರಿನಲ್ಲಿ ಓಡಬಾರದು ಎಂದು ಗೋಡೆಯ ಮೇಲೆ ಬರೆದಿದೆ, ಬರೆಸಿದವಳು ಅವಳೇ. ಅವಳು ಓಡಿದಳು. ಓಡುತ್ತ ಓಡುತ್ತ ಎದೆ ಬಡಿತದ ಜೊತೆಗೆ ಲೆಕ್ಕವೂ ನಡೆದಿತ್ತು. ಎಣಿಸಿದ್ದು ತಪ್ಪು ಎಂದು ಹೇಳಬೇಕು. ಯಾಕೆ ತಪ್ಪು ಎಂದು ಕೇಳುತ್ತಾರೆ. ತಪ್ಪು ಲೆಕ್ಕ ತೋರಿಸಬೇಕಾದರೆ ಸರಿಯಾದ ಲೆಕ್ಕ ತೋರಿಸಬೇಕಾಗುತ್ತದೆ, ತೋರಿಸಿದರೆ ವಕೀಲೆ ಹೋದಳು. ತೋರಿಸದಿದ್ದರೆ ಲೀಡರ್ ಹೋದಳು. ಆದರೆ ಲೀಡರ್ ತಾನಲ್ಲ ಎಂದು ಹೇಳುತ್ತಾಳಲ್ಲ, ಎರಡು ವರ್ಷದ ಬ್ಯಾಡ್ಜ್ ಇದೆಯಲ್ಲ, ಯಾರಾದರೂ ಅವಳನ್ನು ನಂಬುತ್ತಾರೆ. ಅಟೆಂಡರ್ ಸ್ಟೂಲಿನಿಂದ ಏಳುವಷ್ಟರಲ್ಲಿ ಅವಳು ಬಾಗಿಲು ತಳ್ಳಿದ್ದಳು.

"ಬನ್ನಿ ಬನ್ನಿ," ಎಂದರು ದೊಡ್ಡ ಮೇಡಂ, ನಗುಮುಖದಿಂದಲೇ. "ನಿಮಗೇ ಹೇಳಿ ಕಳಿಸೋಣ ಅಂತಿದ್ದೆ. ಗೊತ್ತಾಗೋ ಹಾಗೇ ಇಲ್ಲ ಅಂದ್ರಲ್ಲ? ಜೀವಮಾನವೆಲ್ಲ ಪರೀಕ್ಷೆ ನಡೆಸಿದವಳು ರೀ ನಾನು. ನೀವು ಹಾಳೆ ಕೇಳಕ್ಕೆ ಬಂದು ನಿಂತ್ರಲ್ಲ, ಆವಾಗ್ಲೇ ಅನ್ನಿಸ್ತು. ನಿಮ್ಮ ಮಕ್ಕಳು ಹಾಜರಿ ಕ್ರಮದಲ್ಲೇ ಕೊಡೋದಲ್ವಾ, ಬಿಚ್ಚಿ ಕೆಳಗಿಂದ ಎಣಿಸ್ದೆ. ನಿಮ್ಮ ಮುತ್ತಿನಂಥ ಲೀಡರ್, ನೋಡಿ!"

ಲೀಡರ್ ಮೇಜಿನ ಬದಿಯಲ್ಲಿ ನಿಂತಿದ್ದಳು. ಅವಳ ಮುಂದೆ ಒಂದು ಬಿಳಿ ಹಾಳೆ, ಕೈಯಲ್ಲಿ ದೊಡ್ಡ ಮೇಡಂರ ಪೆನ್ನು. ಮುದ್ದಾದ ದುಂಡಕ್ಷರದಲ್ಲಿ, ಮಾರ್ಜಿನ್ ಬಿಟ್ಟು, ಕ್ಷಮೆ ಕೋರಿ ಎಂಬಲ್ಲಿಯವರೆಗೆ ಬರೆದಾಗಿತ್ತು. ಅವಳು ಅಳುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ನಾನು ಗದರಿಸ್ಲೂ ಇಲ್ಲ. ಇದು ನೀನೇ ಬರ್ದಿದ್ದಲ್ವೇನಮ್ಮ ಅಂದೆ. ಹೌದು ಮೇಡಂ ಅಂದ್ಳು. ನಾಳೆ ಅವರಪ್ಪನ್ನ ಕರೆಸಿ ಟಿ.ಸಿ. ಕೊಟ್ಟು ಕಳಿಸ್ತೀನಿ."

"ಅದು ಅವಳು ಬರ್ದಿದ್ದಲ್ಲ ಮೇಡಂ."

"ಅವಳೇ ಒಪ್ಕೊಂಡಿದಾಳಲ್ರೀ."

"ನೀವು ಕೇಳಿದ್ರಿ, ಅದಕ್ಕೆ ಒಪ್ಕೊಂಡಿದಾಳೆ."

ಇದನ್ನು ಹೇಳಿದ ಮೇಲೆ ಅವಳಿಗೆ ತನ್ನ ದನಿಯೇ ಅಪರಿಚಿತವೆನಿಸಿತು. ದೊಡ್ಡ ಮೇಡಂ ನಗು ನಿಲ್ಲಿಸಿದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಹೊರಗೆ ಯಾವುದೋ ತರಗತಿ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿತ್ತು. "ಹಾಗಾದ್ರೆ ಯಾರು ಬರ್ದಿದ್ದು?" ಎಂದು ಅವರು ಕೇಳಿದರು. ತೀರ ಸಾಮಾನ್ಯವಾದ ದನಿ, ಬೀಗದ ಕೈ ಎಲ್ಲಿದೆ ಎಂದು ಕೇಳುವ ದನಿ. ಆ ದನಿ ಕೇಳಿದಾಗಲೆಲ್ಲ ಅವಳ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು, ಈಗಲೂ ನಾಲಿಗೆಯ ತುದಿಗೆ ಹೆಸರು ಬಂದೇಬಿಟ್ಟಿತು. ಗೊತ್ತಿಲ್ಲ ಎಂದರೆ ಮುಖ ಹೇಳಿಬಿಡುತ್ತದೆ. ಮೇಜಿನ ತುದಿ ಹಿಡಿದುಕೊಂಡಳು. ಕಂಬಿ ಹಿಡಿದು ಅಲ್ಲಾಡಿಸಿದ ಆ ಹೆಂಗಸನ್ನು ನೆನೆದಳೆಂದು ಹೇಳಿದರೆ ಚೆನ್ನಾಗಿರುತ್ತಿತ್ತು, ಆದರೆ ಅವಳು ಯಾರನ್ನೂ ನೆನೆಯಲಿಲ್ಲ, ಅವಳಿಗೆ ಬರೀ ಭಯವಾಗುತ್ತಿತ್ತು.

"ಗೊತ್ತು ಮೇಡಂ," ಎಂದಳು. "ಹೇಳೋದಿಲ್ಲ."

"ಏನಂದ್ರಿ?"

"ಯಾರಂತ ಗೊತ್ತು. ಹೇಳೋದಿಲ್ಲ. ಅವಳು ಬರ್ದಿದ್ದು ನಿಜ. ಗೇಟು ತೆಗ್ಸಿಲ್ಲ. ನಾನೂ ನೋಡಿದೀನಿ."

ದೊಡ್ಡ ಮೇಡಂ ಬಾಯಿ ತೆರೆಯುವುದರೊಳಗೆ ಅವಳು ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ದಾರ ಬಿಚ್ಚಿದಳು. ಹಾಳೆಗಳನ್ನು ಮೇಜಿನ ತುಂಬ ಹರವಿದಳು, ಎರಡೂ ಕೈಯಿಂದ ಮೇಲೆ ಕೆಳಗೆ ಮಾಡಿದಳು, ಎರಡು ಹಾಳೆ ಹರಿದವು, ನಾಲ್ಕಾರು ನೆಲಕ್ಕೆ ಬಿದ್ದವು. "ಏನ್ರೀ ಇದು! ತಲೆ ಕೆಟ್ಟಿದೆಯಾ ನಿಮಗೆ? ಇದರ ಪರಿಣಾಮ ಗೊತ್ತಲ್ಲ?" ಎಂದು ದೊಡ್ಡ ಮೇಡಂ ಎದ್ದು ನಿಂತರು. ಗೊತ್ತು ಎಂದು ಅವಳು ತಲೆಯಾಡಿಸಿದಳು. ಕೆಲಸ ಹೋಗಬಹುದು, ಗಂಡನಿಗೆ ಹೇಗೆ ಹೇಳುವುದೋ, ಅದೆಲ್ಲ ಆಮೇಲೆ. ಎದೆಯೊಳಗೆ ಏನೋ ಸಡಿಲವಾಗಿ, ನಗು ಬರುವ ಹಾಗಾಯಿತು. ಬೆಳಿಗ್ಗೆಯಿಂದ ಇದೇ ಮೊದಲ ಸಲ ಅವಳು ನಿಂತ ಜಾಗದಲ್ಲಿ ನಿಂತಿದ್ದಳು. ಹೆದರಬೇಡ, ನಾನಿದ್ದೇನೆ ಎಂದು ಹೇಳಲು ಲೀಡರಿನ ಕಡೆ ತಿರುಗಿದಳು. ಹುಡುಗಿ ನೆಲಕ್ಕೆ ಬಿದ್ದ ಹಾಳೆಗಳನ್ನು ಹೆಕ್ಕಿ, ಅಂಚು ತಟ್ಟಿ, ಸರಿಮಾಡಿ ಮೇಜಿನ ಮೇಲೆ ಇಡುತ್ತಿದ್ದಳು.

ದೊಡ್ಡ ಮೇಡಂ ಮತ್ತೆ ಕೂತರು. ಅವರಿಗೆ ಸಿಟ್ಟು ಬಂದರೆ ದನಿ ಇಳಿಯುತ್ತದೆ. "ಇವರು ಹೇಳೋದು ಬಿಡಮ್ಮ," ಎಂದರು. "ನೀನು ಹೇಳು. ಇದು ನೀನೇ ಬರ್ದಿದ್ದಾ, ಅಲ್ವಾ?"

"ನಿಜ ಹೇಳು ಪುಟ್ಟಾ," ಎಂದಳು ಅವಳು. "ಯಾರಿಗೂ ಹೆದರ್ಬೇಡ. ಇರೋದನ್ನ ಇದ್ದ ಹಾಗೆ ಹೇಳಿಬಿಡು."

ಲೀಡರ್ ದೊಡ್ಡ ಮೇಡಂರ ಮುಖ ನೋಡಿದಳು. ಆಮೇಲೆ ಟೀಚರಿನ ಮುಖ ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆಯಿರಲಿಲ್ಲ, ಸುಳ್ಳೂ ಇರಲಿಲ್ಲ, ತಪ್ಪು ಉತ್ತರ ಕೊಡಬಾರದೆಂಬ ಒಂದು ಕಾಳಜಿ ಮಾತ್ರ ಇತ್ತು. ಬೆಳಿಗ್ಗೆ ಪುಟ ಕೇಳಿದ ಹಾಗೆ, ಅಷ್ಟೇ ಮೆಲ್ಲಗೆ, ಅಷ್ಟೇ ವಿನಯದಿಂದ ಕೇಳಿದಳು:

"ಯಾವುದು ಅಂತ ಹೇಳ್ಲಿ ಮಿಸ್?"